ಮೂರನೆಯ ಸಲ ಬಂದ ಗಡ್ಡೆಗೆ ಸಾಲು ಯಾವುದು?

ಜಿಲ್ಲೆಯ ದವಾಖಾನೆಗಳ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ತಂಗಿ ಗಿರಿಯಮ್ಮನ ಹೊಟ್ಟೆಯಲ್ಲಿ ಮೂರನೆಯ ಸಲ ಗಡ್ಡೆ ಬೆಳೆದಿದೆ. ನಿಮ್ಮ ದಫ್ತರದಲ್ಲಿ ಮಾತ್ರ ಅವಳು ಎರಡು ಸಲ ಪೂರ್ಣ ಗುಣವಾಗಿದ್ದಾಳೆ. ಗುಣವಾದವರ ಚೀಟಿಯನ್ನು ಮರಳಿ ಪಡೆದು ಹರಿದುಹಾಕುವುದು ನಿಮ್ಮಲ್ಲಿಯ ಕಾಯಿದೆಯಂತೆ. ಹೀಗಾಗಿ ಪ್ರತಿ ಸಲವೂ ಅವಳು ಹೊಸ ರೋಗಿ. ಗಡ್ಡೆಗಿರುವ ನೆನಪು ನಿಮ್ಮ ಇಲಾಖೆಗಿಲ್ಲ.

ಎರಡನೆಯ ಸಲ ಕೊಯ್ದ ಡಾಕ್ಟರು ತಿಳಿದವರು. ಇಂಥ ಗಡ್ಡೆ ಅಪರೂಪ, ಬೇರೆ ಅಂಗಕ್ಕೆ ಹರಡುವುದಿಲ್ಲ, ಆದರೆ ಕೊಯ್ದಲ್ಲೇ ಮತ್ತೆ ಹುಟ್ಟಿ ಕರುಳನ್ನು ಒತ್ತುತ್ತದೆ, ಮೂರು ತಿಂಗಳಿಗೊಮ್ಮೆ ತೋರಿಸಿ ಎಂದಿದ್ದರು. ಅವರಿಗೆ ವರ್ಗವಾಯಿತು. ಆಮೇಲೆ ಹೋದಾಗಲೆಲ್ಲ ಕಂಪೌಂಡರ್ ಸಾಹೇಬರು, ಚೀಟಿಯಿಲ್ಲ, ಜ್ವರವಿಲ್ಲ, ಆದ್ದರಿಂದ ರೋಗವೂ ಇಲ್ಲ ಎಂದು ತಿರುಗಿ ಕಳಿಸಿದರು. ರೋಗ ಮರಳಿ ಬರಬಹುದು, ರೋಗಿ ಮರಳಿ ಬರಬಾರದೇ?

ಕಳೆದ ಸೋಮವಾರ ಮಸ್ಕಿಯಿಂದ ಬಂಡಿ ಕಟ್ಟಿಕೊಂಡು ದವಾಖಾನೆಗೆ ಹೋದೆವು. ಕಂಪೌಂಡರ್ ಸಾಹೇಬರು ಕುರ್ಚಿಯಿಂದ ಏಳದೆ, ಉಬ್ಬಿದ ಹೊಟ್ಟೆಯನ್ನು ದೂರದಿಂದಲೇ ನೋಡಿ, ಬಸುರಿಯರ ಸಾಲಿಗೆ ಕೈ ತೋರಿದರು. ಗಂಡ ಸತ್ತು ಆರು ವರ್ಷವಾದ ಹೆಣ್ಣು, ನಮ್ಮೂರಿನ ನಾಲ್ವರು ಹೆಂಗಸರು ನೋಡುತ್ತಿರುವಾಗ, ಆ ಸಾಲಿನಲ್ಲಿ ನಿಂತಳು. ಹೇಗಾದರೂ ಒಳಗೆ ಹೋದರೆ ಸಾಕೆಂದು ನಾನೂ ತಡೆಯಲಿಲ್ಲ. ಅದು ನನ್ನ ತಪ್ಪು.

"ಎಷ್ಟು ತಿಂಗಳಾತವ್ವಾ?" ಎಂದು ಸೂಲಗಿತ್ತಿ ಚಾಂದ್‌ಬೀ ಕೇಳಿದಳು.

ತಂಗಿ ಸೆರಗು ಸರಿಸಿ ಎರಡು ಹೊಲಿಗೆಯ ಗುರುತು ತೋರಿಸಿದಳು. "ತಿಂಗಳಲ್ರೀ, ಎರಡು ಸಲ ಕೊಯ್ಸಿಕೊಂಡೀನಿ."

ಚಾಂದ್‌ಬೀ ಕೈಯಿಟ್ಟು ನೋಡಿ, ಹೊರಗೆ ಬಂದು ಕಂಪೌಂಡರರಿಗೇ ಹೇಳಿದಳು: "ಇದು ಕೂಸಲ್ರೀ ಸಾಬ್, ಕಲ್ಲಿನಂಗ ಬಿರುಸೈತಿ. ಡಾಕ್ಟರ್ ಸಾಬ್‌ರಿಗೆ ತೋರಸ್ರಿ." ಆದರೆ ರಿಜಿಸ್ಟರಿನಲ್ಲಿ "ಬಸುರಿ" ಎಂದು ಬರೆದಾಗಿತ್ತು. ಬರೆದದ್ದನ್ನು ತಿದ್ದುವ ಅಧಿಕಾರ ಕಂಪೌಂಡರ್ ಸಾಹೇಬರಿಗಿಲ್ಲವಂತೆ. ನಮ್ಮನ್ನು ಹಾಗೆಯೇ ಕಳಿಸಿದರು.

"ಬಸುರಿ" ಎಂಬ ಆ ಒಂದು ಮಾತು ನಮ್ಮ ಬಂಡಿಗಿಂತ ಮೊದಲೇ ಮಸ್ಕಿ ಮುಟ್ಟಿತ್ತು. ಈಗ ಬಾವಿಯ ಹತ್ತಿರ ನನ್ನ ಹೆಂಡತಿಯ ತಲೆಗೆ ಕೊಡ ಎತ್ತಿಡುವವರಿಲ್ಲ. ತಂಗಿಗೆ ಅನ್ನ ಇಳಿಯುತ್ತಿಲ್ಲ. ನಿನ್ನೆ ಮಲಗಿದಲ್ಲಿಂದಲೇ ಕೇಳಿದಳು: "ಯಣ್ಣಾ, ನಾ ಸತ್ತರ ಹೊಟ್ಟಿ ಕೊಯ್ದು ಮಂದಿಗೆ ತೋರಸ್ತಾರೇನು?" ಅವಳ ಪ್ರಶ್ನೆಯನ್ನು ಹಾಗೆಯೇ ತಮಗೆ ಬರೆಯುತ್ತಿದ್ದೇನೆ. ಉತ್ತರ ತಮಗೆ ಗೊತ್ತಿದೆಯೇ?

ಬರುವ ಸೋಮವಾರ ಅವಳನ್ನು ಮತ್ತೆ ಕರೆತರುತ್ತೇನೆ. ಡಾಕ್ಟರೇ ಕೈಯಿಟ್ಟು ನೋಡಲಿ, ಆಗದಿದ್ದರೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಬರೆದುಕೊಡಲಿ. ಮರಳಿ ಬರುವ ಗಡ್ಡೆಯವರ ಚೀಟಿ ಅವರ ಕೈಯಲ್ಲೇ ಉಳಿಯಲಿ. "ಬಸುರಿ" ಎಂದು ಬರೆದ ಕೈಯೇ ಅದನ್ನು ಹೊಡೆದುಹಾಕಿ "ಗಡ್ಡೆ" ಎಂದು ಬರೆಯಲಿ, ಅವಳು ಕಣ್ಣು ತೆರೆದು ನೋಡುವ ಸ್ಥಿತಿಯಲ್ಲಿರುವಾಗಲೇ.

ಇಂತಿ,
ಬಸುರಿಯರ ಸಾಲಿನಲ್ಲಿ ತಂಗಿ ನಿಂತಾಗ ಸುಮ್ಮನಿದ್ದ ಅಣ್ಣ,
ಬಾಲಪ್ಪ, ಕನ್ನಡ ಶಾಲೆಯ ಮಾಸ್ತರ
ಮಸ್ಕಿ, ಫಸಲಿ ಸನ್ 1353 (ಇಸವಿ 1944)