ಹುಲ್ಲಿಗಾಗಿ ಕೇಳಿದ ನೆರವು

ಮಧುರಾ,

ನೀನು ನಮ್ಮ ಹುಲ್ಲುಗಾವಲು ಸಂಘ ಬಿಟ್ಟ ಮೇಲೂ ಎಲ್ಲವನ್ನೂ ನಿನಗೇ ಹೇಳುವ ಅಭ್ಯಾಸ ಹೋಗಿಲ್ಲ. ಇವತ್ತು ನಮ್ಮೂರ ಹುಲ್ಲುಗಾವಲು ಉಳಿಸಲು ನೆರವು ಕೇಳಿಕೊಂಡು ಮಣಿಕೊಂಡದ ಸಾಫ್ಟ್‌ವೇರ್ ಕಂಪನಿಗೆ ಹೋಗಿದ್ದೆ.

“ಹುಲ್ಲಿಗೆ ಯಾರ್ರೀ ರೊಕ್ಕ ಕೊಡತಾರ? ಅಲ್ಲೆ ಗಿಡ ಹಚ್ರಿ, ಫೋಟೋದಾಗ ಚಲೋ ಕಾಣತಾವ,” ಎಂದು ನಕ್ಕರು ಅಧಿಕಾರಿ ಅಮರೇಶಪ್ಪ.

“ಗಿಡ ಬೆಳದ್ರ ನೆಳ್ಳಿಗೆ ಹುಲ್ಲು ಸಾಯತೈತಿ, ಚಿಗರಿ ಬರೂದಿಲ್ಲರಿ, ಕುರಿಗೂ ಮೇವು ಸಿಗೂದಿಲ್ಲ!” ಎಂದು ಮೇಜು ಗುದ್ದಿದೆ. ನೀನಾಗಿದ್ದರೆ ನಗುನಗುತ್ತಲೇ ಹೇಳುತ್ತಿದ್ದೆ.

ಅವರ ಹಿಂದಿನ ಗಾಜಿನಾಚೆ ಮೋಡ ತೇಲುತ್ತಿತ್ತು. ನಮ್ಮ ಹುಲ್ಲೇ ಅಷ್ಟೆತ್ತರ ಬೆಳೆದು, ಅದರೊಳಗೆ ಚಿಗರಿ ಜಿಂಕೆಗಳು ಜಿಗಿದಂತಾಯಿತು. ಒಯ್ದಿದ್ದ ಕರಪತ್ರದ ಮಾತೆಲ್ಲ ಮರೆತು, ಕಂಡದ್ದನ್ನೇ ಹೇಳಿದೆ. ಅವರೂ ತಿರುಗಿ ಮೋಡ ನೋಡಿದರು, ಬಹಳ ಹೊತ್ತು.

“ಐತವಾರ ಸೂಟಿ ಐತಿ, ನಿಮ್ಮೂರಿಗೆ ಬರ್ತೀನಿ. ತೋರಸೋರು ಯಾರ್ ಅದಾರ?”

ಬಾಯಿಗೆ ನಿನ್ನ ಹೆಸರೇ ಬಂತು.