ಗೇಟಿನ ಒಳಗಿದ್ದ ಖಾಲಿ ಕಾರು

ಮಾನ್ಯ ಅರಣ್ಯ ವಲಯಾಧಿಕಾರಿಗಳೇ,

ಎಪ್ಪತ್ತೊಂದು ವರ್ಷದ ಓಪಲ್ ಲೆಡ್‌ಫೋರ್ಡ್ ಅವರ ವ್ಯಾನ್ ಪರವಾನಗಿಯನ್ನು ನಿಮ್ಮ ಕಚೇರಿ ರದ್ದು ಮಾಡಿದೆ. ಅವರು ನಿಮ್ಮ ಗೇಟಿನ ಸರಪಳಿ ಕತ್ತರಿಸಿದರಂತೆ. ಕತ್ತರಿಸಿದ್ದು ನಿಜ. ಆ ಗೇಟಿನ ಒಳಗಿದ್ದವರು ನಾನು ಮತ್ತು ನನ್ನ ಗಂಡ ವೆಂಡೆಲ್. ಆದ್ದರಿಂದ ಉಳಿದದ್ದನ್ನು ನಾನೇ ಹೇಳಬೇಕು.

ನಡಿಗೆಗೆ ಹೊರಟಾಗ ನಮ್ಮ ಮದುವೆಯಾಗಿ ಹನ್ನೊಂದು ದಿನ. ಈಗ ಏಳು ವಾರ. ಇನ್ನೂ ಬೆಳಿಗ್ಗೆ ಎದ್ದು ಅವನ ಮುಖ ನೋಡಿದರೆ ನನಗೆ ಸುಮ್ಮನೆ ನಗು ಬರುತ್ತದೆ. ಕ್ಷಮಿಸಿ, ಇದು ದೂರಿನ ಪತ್ರ. ಮಧುಚಂದ್ರಕ್ಕೆ ಸಮುದ್ರ ಬೇಡ, ಬೆಟ್ಟದ ಏಣಿನ ಮೇಲೆ ತೊಂಬತ್ತು ಮೈಲಿ ನಡೆಯೋಣ ಎಂದವಳು ನಾನು. ನಡೆಯುವವರನ್ನು ವ್ಯಾನಿನಲ್ಲಿ ಕರೆದೊಯ್ಯುವ ಓಪಲ್ ತಮ್ಮ ಅಡುಗೆಮನೆಯ ಮೇಜಿನ ಮೇಲೆ ನಮ್ಮ ನಕ್ಷೆ ಹರಡಿ, ಯಾವ ಒರತೆ ಬತ್ತಿದೆ, ಎಲ್ಲಿ ಕರಡಿ ಊಟದ ಚೀಲ ಎಳೆಯುತ್ತದೆ ಎಂದು ಗುರುತು ಹಾಕಿಕೊಟ್ಟರು. ದಿನಕ್ಕೆ ಹದಿನೈದು ಮೈಲಿ ಎಂದು ನಾನು ಬರೆದದ್ದನ್ನು ಹೊಡೆದುಹಾಕಿ ಹತ್ತು ಮಾಡಿದರು. “ಹೊಸ ಜೋಡಿ ಅಲ್ವಾ, ಅಷ್ಟು ಬೇಗ ಎಲ್ಲಿಗೆ ಓಡ್ತೀರಿ?” ಎಂದಾಗ ವೆಂಡೆಲ್‌ನ ಕಿವಿ ಕೆಂಪಾಯಿತು.

ಕಾರನ್ನು ಮೊದಲೇ ನಡಿಗೆ ಮುಗಿಯುವ ಜಾಗದಲ್ಲಿ ಬಿಟ್ಟು, ವ್ಯಾನಿನಲ್ಲಿ ಆರಂಭಕ್ಕೆ ಹೋಗಿ, ಅಲ್ಲಿಂದ ಕಾರಿನ ಕಡೆಗೆ ನಡೆಯುವುದು ಇಲ್ಲಿನ ಪದ್ಧತಿ. ಈ ಬೆಟ್ಟಗಳಲ್ಲಿ ಖಾಲಿ ಕಾರು ನಿಂತಿದೆ ಎಂದರೆ ಯಾರೋ ಅದರತ್ತ ನಡೆದು ಬರುತ್ತಿದ್ದಾರೆ ಎಂದೇ ಅರ್ಥ. ಪೆಟ್ರೋಲ್ ಬಂಕಿನವರಿಗೂ ಗೊತ್ತಿರುವ ಈ ಸಂಗತಿ ನಿಮ್ಮ ಕಚೇರಿಗೆ ಗೊತ್ತಿಲ್ಲವೇ? ಗೇಟು ಅಕ್ಟೋಬರ್ ಕೊನೆಯವರೆಗೆ ತೆರೆದಿರುತ್ತದೆ ಎಂದು ನಿಮ್ಮ ಜಾಲತಾಣವೇ ಹೇಳಿತ್ತು.

ಒಂಬತ್ತನೇ ದಿನ, ಅಕ್ಟೋಬರ್ ಹದಿನಾಲ್ಕರಂದು, ನಾವು ಕಾರು ಮುಟ್ಟಿದೆವು. ವೆಂಡೆಲ್‌ನ ಹಿಮ್ಮಡಿಯ ಬೊಬ್ಬೆ ಕೀವಾಗಿ ಕಾಲು ಮೊಣಕಾಲಿನವರೆಗೆ ಕೆಂಪೇರಿತ್ತು. ವೈಪರಿನ ಅಡಿಯಲ್ಲಿ ನಿಮ್ಮ ಚೀಟಿ: ‘ಅಕ್ಟೋಬರ್ ಹನ್ನೆರಡರೊಳಗೆ ವಾಹನ ತೆರವುಗೊಳಿಸಿ. ನಂತರ ಗೇಟಿಗೆ ಬೀಗ ಹಾಕಲಾಗುವುದು.’ ಎಂಥ ಸೌಜನ್ಯ! ಬೆಟ್ಟದ ಮೇಲಿರುವವರಿಗೆ ಸುದ್ದಿ ಮುಟ್ಟಿಸಲು ಅವರಿಲ್ಲದ ಕಾರಿಗಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ?

ಬ್ಯಾಟರಿ ಸತ್ತಿತ್ತು. ಅದು ನನ್ನ ತಪ್ಪು. ಹೊರಡುವಾಗ ಕಾರಿನೊಳಗಿನ ದೀಪ ಹಾಕಿ ಉಂಗುರವನ್ನು ಇನ್ನೊಮ್ಮೆ ನೋಡಿಕೊಂಡು, ಆರಿಸುವುದನ್ನು ಮರೆತಿದ್ದೆ. ಗೇಟು ತೆರೆದಿದ್ದರೆ ಯಾರಾದರೂ ಬಂದು ಕಾರಿಗೆ ಜೀವ ಕೊಡುತ್ತಿದ್ದರು. ಬರುವ ಒಂದೇ ರಸ್ತೆಯನ್ನು ನೀವು ಮುಚ್ಚಿದ್ದಿರಿ. ಗೇಟಿಗೆ ಹನ್ನೊಂದು ಮೈಲಿ, ಫೋನಿಗೆ ಸಿಗ್ನಲ್ ಇಲ್ಲ, ಗಂಡನಿಗೆ ಜ್ವರ, ಉಳಿದದ್ದು ಒಂದು ಹಿಡಿ ಓಟ್ಸ್.

“ನೀನು ಹೋಗು, ನಾನಿಲ್ಲೇ ಇರ್ತೀನಿ” ಎಂದ ವೆಂಡೆಲ್.

“ಇಪ್ಪತ್ತು ದಿನಕ್ಕೇ ನನ್ನ ಓಡಿಸ್ತಿದ್ದೀಯಾ?” ಎಂದೆ. ಇಬ್ಬರೂ ನಗಲಿಲ್ಲ. ಅವನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ತೊಂಬತ್ತು ಮೈಲಿ ತೆರೆದ ಆಕಾಶದಡಿ ನಡೆದು ಬಂದವರಿಗೆ ಕಾರಿನ ಎರಡು ಸೀಟುಗಳೇ ಸೆರೆಮನೆಯಾದವು.

ಕಾರು ತಲುಪಿ ಕೆಳಗಿಳಿದ ಕೂಡಲೇ ಫೋನ್ ಮಾಡಬೇಕು ಎಂಬುದು ಓಪಲ್ ಅವರ ಕಟ್ಟಳೆ. ನಮ್ಮ ಫೋನ್ ಬರಲಿಲ್ಲ. ಮರುದಿನ ಶನಿವಾರ ಬೆಳಿಗ್ಗೆ ಅವರು ಗೇಟಿಗೆ ಬಂದು, ಬೀಗ ನೋಡಿ, ಸಿಗ್ನಲ್ ಸಿಗುವಲ್ಲಿಗೆ ಹಿಂತಿರುಗಿ ನಿಮ್ಮ ಕಚೇರಿಗೆ ಕರೆ ಮಾಡಿದರು. ಸೋಮವಾರ ಪ್ರಯತ್ನಿಸಿ ಎಂದಿತು ನಿಮ್ಮ ಯಂತ್ರ. ಅವರು ಸೋಮವಾರದವರೆಗೆ ಕಾಯಲಿಲ್ಲ. ನನ್ನನ್ನು ಕಂಡು, “ಮೊದ್ಲು ವ್ಯಾನ್ ಹತ್ತು ಮಗಳೇ, ಅಳೋದೆಲ್ಲ ದಾರೀಲಿ” ಎಂದರು. ಇನ್ನೊಂದು ದಿನ ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ವೈದ್ಯರು.

ಸರಪಳಿ ಕತ್ತರಿಸಿದವರು ಯಾರೆಂದು ನಿಮಗೆ ಗೊತ್ತಾದದ್ದು ಹೇಗೆ? ಓಪಲ್ ಅವರೇ ಹೆಸರು, ಫೋನ್ ನಂಬರು, ಕಾರಣ ಬರೆದು ಗೇಟಿಗೆ ಚೀಟಿ ಕಟ್ಟಿ ಬಂದಿದ್ದರು. ಅವರ ವಿರುದ್ಧ ನಿಮ್ಮ ಏಕೈಕ ಸಾಕ್ಷಿ ಅದು. ಓದುವವರು ಇರುವಲ್ಲಿ ಚೀಟಿ ಇಡುವುದು ಹೇಗೆಂದು ಅವರಿಂದ ಕಲಿಯಬಹುದಿತ್ತು.

ಮೇಲ್ಮನವಿಯನ್ನು ನವೆಂಬರ್ ಮೂವತ್ತರೊಳಗೆ ಖುದ್ದಾಗಿ ಸಲ್ಲಿಸಬೇಕೆಂದು ನಿಮ್ಮ ಆದೇಶ. ನಿನ್ನೆ ಮೂವರೂ ಹೋದೆವು. ಕಚೇರಿಗೆ ಬೀಗ, ಏಪ್ರಿಲ್‌ವರೆಗೆ ಚಳಿಗಾಲದ ರಜೆ. ಮೂವತ್ತು ವರ್ಷ ಆ ವ್ಯಾನಿನಿಂದಲೇ ಬದುಕಿದ ಓಪಲ್ ಬಾಗಿಲನ್ನೇ ನೋಡುತ್ತಾ ನಿಂತರು.

“ಇದಕ್ಕೆ ಕತ್ತರಿ ತಂದಿಲ್ಲ ಮಗಳೇ” ಎಂದರು.

ನವೆಂಬರ್ ಮೂವತ್ತರೊಳಗೆ ಆ ಬಾಗಿಲು ತೆರೆಯಿರಿ. ಪರವಾನಗಿಯನ್ನು ಅವರ ಕೈಗೇ ಹಿಂದಿರುಗಿಸಿ. ಮುಂದಿನ ವರ್ಷ ಗೇಟಿಗೆ ಬೀಗ ಹಾಕುವ ಮುನ್ನ ಒಳಗೊಂದು ಖಾಲಿ ಕಾರು ಕಂಡರೆ, ಅದರತ್ತ ನಡೆದು ಬರುತ್ತಿರುವವರು ತಲುಪುವವರೆಗೆ ಕಾಯಿರಿ.

ಇಂತಿ,
ಈಗ ಕಾರಿನ ದೀಪ ಆರಿದೆಯೇ ಎಂದು ಎರಡು ಸಲ ನೋಡುವ,
ಲೋರ್ನಾ ಸ್ಟಾಲರ್ಡ್