ಮೆಣಸಿನಕಾಯಿ ಕೋಣೆಯ ಹುಲಿಗಳು

ಅಮ್ಮನಿಗೆ,

ಗುಯಿಝೌಗೆ ಸುಖವಾಗಿ ತಲುಪಿದೆ. ಹುಲಿ ವರ್ಷದಲ್ಲಿ ಹುಟ್ಟಿದ ಸೊಸೆಯನ್ನು ಈ ಮನೆಯವರು ಒಪ್ಪುವುದಿಲ್ಲವೆಂದು ನೀನು ಹೇಳಿಕೊಟ್ಟಂತೆ, ನನ್ನ ಯಾನ್‌ಬಿನ್‌ನ ಅಜ್ಜಿ ಕೇಳಿದಾಗ ‘ಮೊಲದ ವರ್ಷ’ ಎಂದೆ. ಅಜ್ಜಿ ಹಿಗ್ಗಿ, ನಿನ್ನೆ ಅವನ ಅಣ್ಣನ ಮದುವೆಯಲ್ಲಿ ಮದುಮಗಳಿಗೆ ಕೆಂಪು ಕೊಡೆ ಹಿಡಿಯುವ ಕೆಲಸವನ್ನು ನನಗೇ ಕೊಟ್ಟರು. ಮನೆ ತುಂಬುವ ಮದುಮಗಳ ಮೇಲೆ ಹುಲಿ ವರ್ಷದವರ ಕಣ್ಣು ಬಿದ್ದರೆ ಕೆಡುಕಲ್ಲವೇ? ಕಾರು ಬಂದು ನಿಂತದ್ದೇ ತಡ, ಕೊಡೆಯನ್ನು ಪಕ್ಕದವಳ ಕೈಗಿತ್ತು ಮೆಣಸಿನಕಾಯಿ ಮೂಟೆಗಳ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆ.

ಒಳಗೆ ಅಜ್ಜಿ ಕೂತಿದ್ದರು!

“ಮೊಲಕ್ಕೆ ಇಲ್ಲೇನೇ ಕೆಲ್ಸ?”

“ತಪ್ಪಾಯ್ತು ಅಜ್ಜಿ, ನಾನು ಹುಲಿ,” ಎಂದು ಅತ್ತೇಬಿಟ್ಟೆ. ಸಂಬಂಧ ಮುರಿಯಿತು ಎಂದುಕೊಂಡೆ.

“ಮೆತ್ತಗೆ ಮಾತಾಡೇ! ಐವತ್ತು ವರ್ಷದಿಂದ ನಾನೂ ಈ ಮನೇಲಿ ಮೊಲಾನೇ. ಸರಿ, ಈ ಮೂಟೆ ಮೇಲೆ ಕೂತ್ಕೋ.” ಆಮೇಲೆ ನಿಟ್ಟುಸಿರಿಟ್ಟರು. “ನಿನ್ನ ಮದುವೆ ದಿನ ಮಾತ್ರ ಇಲ್ಲಿ ನಾನೊಬ್ಳೇ ಕೂರ್ಬೇಕು ನೋಡು.”

ಮೆಣಸಿನ ಘಾಟಿಗೆ ಇನ್ನೂ ಸೀನುತ್ತಿದ್ದೇನೆ, ಜ್ವರವೇನಿಲ್ಲ. ಇಲ್ಲಿನ ಅಂಚೆಯವನು ಕಾರ್ಡುಗಳನ್ನೆಲ್ಲ ಓದುತ್ತಾನಂತೆ, ಅದಕ್ಕೆ ಈ ಕಾರ್ಡನ್ನು ಪೇಟೆಗೆ ಹೋಗಿ ಹಾಕುತ್ತೇನೆ. ಬಸ್ಸು ಬಂತು.

ನಿನ್ನ ಮೊಲ,
ರುಯಿಲಾನ್